'ಡ್ರಂಕನ್ ಮಾಸ್ಟರ್' ಸಿನಿಮಾದಲ್ಲಿ ಜಾಕಿ ಚಾನ್ ತೂರಾಡುತ್ತಾ ಹೊಡೆದಾಡೋದು ನಿಜವಾದ ವಿದ್ಯೆನಾ, ಸುಮ್ನೆ ತಮಾಷೆನಾ?

ಎರಡೂ ಹೌದು. ಕುಡುಕನ ಹಾಗೆ ವಾಲಾಡುತ್ತಾ ಹೊಡೆಯುವ 'ಜುಯಿ ಚುವಾನ್' ಎಂಬ ಪಟ್ಟುಗಳು ಚೀನಾದಲ್ಲಿ ನಿಜವಾಗಿಯೂ ಇವೆ. ಆದರೆ ಅದನ್ನು ಆಡುವವರು ಕುಡಿದಿರುವುದಿಲ್ಲ. ಕುಡಿದರೆ ಆ ಪಟ್ಟು ಹಾಕೋಕೇ ಆಗಲ್ಲ! ಬೀಳುವ ಹಾಗೆ ಕಾಣುತ್ತಲೇ ಬೀಳದೆ ಇರಬೇಕು. ಅದಕ್ಕೆ ಸೊಂಟ, ಹೊಟ್ಟೆ, ತೊಡೆಗಳಲ್ಲಿ ಜಾಸ್ತಿ ಬಲ ಬೇಕು.

ಕುಡಿದಷ್ಟೂ ಬಲ ಬರುತ್ತದೆ ಎನ್ನುವುದು ಮಾತ್ರ ಸಿನಿಮಾದ ಮಸಾಲೆ.

1978ರ ಈ ಹಾಂಗ್‌ಕಾಂಗ್ ಚಿತ್ರದ ನಿರ್ದೇಶಕ ಯುಯೆನ್ ವೂ-ಪಿಂಗ್. ಮುಂದೆ ಹಾಲಿವುಡ್‌ನ 'ಮೇಟ್ರಿಕ್ಸ್' ಸಿನಿಮಾಗೆ ಫೈಟ್ ಕಂಪೋಸ್ ಮಾಡಿದವರೂ ಇವರೇ. ಕುಡುಕ ಗುರುವಾಗಿ ನಟಿಸಿದ್ದು ಅವರ ಅಪ್ಪ. ಜಾಕಿ ಚಿಕ್ಕಂದಿನಲ್ಲೇ ಪೀಕಿಂಗ್ ಒಪೆರಾ (ಹಾಡು, ನಟನೆ, ಲಾಗ ಎಲ್ಲ ಸೇರಿದ ಚೀನಾದ ರಂಗಕಲೆ) ಶಾಲೆಯಲ್ಲಿ ಪಳಗಿದವರು. ಲಾಗ, ಕಾಮಿಡಿ, ಮುಖದ ಆಟ ಎಲ್ಲ ಅಲ್ಲಿಂದಲೇ ಬಂದಿದ್ದು.

ಕೊನೆಯ ಫೈಟನ್ನು ಗಮನಿಸಿ ನೋಡಿ. ಎದುರಾಳಿ ಹ್ವಾಂಗ್ ಜಾಂಗ್-ಲೀ ಕೊರಿಯಾದ ಸಮರಕಲೆ ಟೇಕ್ವಾಂಡೋದಲ್ಲಿ ಪಳಗಿದವರು, ಒದೆತವೇ ಅವರ ಅಸ್ತ್ರ. ಜಾಕಿ, ಗುರು ಹೇಳಿಕೊಟ್ಟ ಎಂಟು 'ಕುಡುಕ ದೇವತೆ'ಗಳ ಶೈಲಿಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಎಂಟನೆಯದು ಹೆಣ್ಣು ದೇವತೆಯದು. ಅಸಡ್ಡೆ ಮಾಡಿ ಅದೊಂದನ್ನು ಮಾತ್ರ ಕಲಿತಿರುವುದಿಲ್ಲ! ಆಮೇಲೆ ಅಲ್ಲೇ ತನ್ನದೇ ಒಂದು ಶೈಲಿ ಕಟ್ಟಿಕೊಂಡು, ಒನಪು ಮಾಡುತ್ತಾ ಹೊಡೆಯುವುದಿದೆಯಲ್ಲ, ನನಗಂತೂ ಇಡೀ ಚಿತ್ರದಲ್ಲಿ ಅದೇ ಇಷ್ಟ.