ಪಾರ್ಕಿನ ಎಳೆ ಗಿಡಗಳು ಒಣಗುವುದೇಕೆ?
ಪಾಲಿಕೆ ನೆಟ್ಟ ಗಿಡಗಳು ಎರಡನೇ ವರ್ಷಕ್ಕೇ ಒಣಗುತ್ತಿವೆ, ನೀರು ಸಾಲದೇ ಎಂದು ಕೇಳಿದ್ದೀರಿ. ನೀರಿಗಿಂತ ಮೊದಲು ಬುಡ ನೋಡಿ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಬಡಿದು ತೊಗಟೆ ಸುತ್ತಲೂ ಸುಲಿದಿದ್ದರೆ, ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ. ಅಂಥ ಗಿಡ ಬದಲಿಸುವುದೇ ಲೇಸು. ಉಳಿದವುಗಳ ಸುತ್ತ ಒಂದು ಮೀಟರ್ ಅಗಲಕ್ಕೆ ಹುಲ್ಲು ತೆಗೆಸಿ, 5ರಿಂದ 8 ಸೆಂ.ಮೀ. ದಪ್ಪ ಒಣ ಎಲೆಯನ್ನೋ ಮರದ ಚಕ್ಕೆಯನ್ನೋ ಹೊದಿಸಲು ಹೇಳಿ. ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ (ಎಲ್ಲ ಕಡೆ ಮಾಡುವ ತಪ್ಪು ಇದೇ). ಊರುಗೋಲಿನ ಕಟ್ಟನ್ನು ವರ್ಷದ ನಂತರ ಬಿಚ್ಚಿಸಿ, ಇಲ್ಲದಿದ್ದರೆ ಕಾಂಡದೊಳಗೆ ಹೂತುಹೋಗುತ್ತದೆ. ನೀರನ್ನು ದಿನಾ ಚಿಮುಕಿಸುವ ಬದಲು, ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಗಿಡವೊಂದಕ್ಕೆ 40 ಲೀಟರ್‌ನಷ್ಟು ನಿಧಾನವಾಗಿ ಇಂಗಿಸಲಿ. ಪಾಲಿಕೆಗೆ ಕೊಡುವ ದೂರಿನ ಜೊತೆ ಬುಡದ ಫೋಟೊ ಲಗತ್ತಿಸಿ. ಹುಲ್ಲಿನ ಗುತ್ತಿಗೆ ಒಬ್ಬರದು, ಗಿಡದ್ದು ಇನ್ನೊಬ್ಬರದು ಆಗಿರುವುದುಂಟು; ತಪ್ಪು ಯಾರದೆಂದು ತಿಳಿಯಲು ಫೋಟೊ ನೆರವಾಗುತ್ತದೆ.