ಗ್ರೀಸ್‌ನ ಪಪಡೆಮೋಸ್ ಸರ್ಕಾರದೊಳಗೆ ಪಕ್ಷಗಳು ಏನು ಲೆಕ್ಕ ಹಾಕುತ್ತಿದ್ದವು?

2011ರ ಕೊನೆಯಲ್ಲಿ ಗ್ರೀಸ್‌ನಲ್ಲಿ ಮೂರು ಪಕ್ಷ ಸೇರಿ ತಾತ್ಕಾಲಿಕ ಸರ್ಕಾರ ಮಾಡಿದವು. ಜನ ಅಷ್ಟು ಬೈಯುತ್ತಿದ್ದರೂ ಅವು ಯಾಕೆ ಅದರಲ್ಲಿ ಕೂತಿದ್ದವು, ಕೊನೆಗೆ ಯಾರಿಗೆ ಲಾಭವಾಯಿತು ಅಂತ ನೀವು ಕೇಳಿದ್ದೀರಿ. ಆಗ ನಾನು ಪಿರೇಯಸ್ ಬಂದರಿನ ಹತ್ತಿರ ಒಂದು ಹಡಗು ಏಜೆಂಟರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ನನ್ನ ಗ್ರೀಕ್ ಅರೆಬರೆ. ಆದರೂ ಕಚೇರಿಯಲ್ಲಿ ದಿನವಿಡೀ ಅದೇ ಮಾತು, ಕಿವಿಗೆ ಬೀಳದೆ ಇರುತ್ತಿರಲಿಲ್ಲ.

ನನಗೆ ಅರ್ಥವಾದದ್ದು ಇಷ್ಟು. ಹೊರಗೆ ಸಾಲ, ಸಂಬಳ, ಪಿಂಚಣಿಯ ಮಾತು. ಒಳಗೆ ನಡೆದ ಜಗಳ ಮಾತ್ರ ಚುನಾವಣೆ ಯಾವಾಗ ಅನ್ನುವುದರ ಮೇಲೆ.

ಪ್ರಧಾನಿ ಜಾರ್ಜ್ ಪಪಾಂಡ್ರಿಯು ಅಕ್ಟೋಬರ್ 31ರಂದು ಸಂಬಳ, ಪಿಂಚಣಿ ಕತ್ತರಿಸುವ ಷರತ್ತಿನ ಮೇಲೆ ಯುರೋಪ್ ಕೊಡುವ ಸಾಲದ ಒಪ್ಪಂದವನ್ನು ಜನಮತಕ್ಕೆ ಹಾಕುತ್ತೇನೆ ಅಂದರು. ಯುರೋಪ್ ಗದರಿತು, ಅವರ ಪಕ್ಷದವರೇ ತಿರುಗಿಬಿದ್ದರು. ಜನಮತ ಕೈಬಿಟ್ಟು ಅವರು ಕೆಳಗಿಳಿದರು. ನವೆಂಬರ್ 11ರಂದು ಲೂಕಾಸ್ ಪಪಡೆಮೋಸ್ ಪ್ರಧಾನಿಯಾದರು. ಅವರು ಯುರೋಪಿನ ಕೇಂದ್ರ ಬ್ಯಾಂಕಿನ ಉಪಾಧ್ಯಕ್ಷರಾಗಿದ್ದವರು. ಸಂಸತ್ ಸದಸ್ಯರೂ ಅಲ್ಲ, ಬೆನ್ನಿಗೆ ಪಕ್ಷವೂ ಇಲ್ಲ. ಜೊತೆಯಾದ ಪಕ್ಷಗಳು ಮೂರು: ಪಪಾಂಡ್ರಿಯು ಅವರ ಪಾಸೊಕ್, ಅದರ ಹಳೇ ಎದುರಾಳಿ ನ್ಯೂ ಡೆಮಾಕ್ರಸಿ, ಮತ್ತೆ ಲಾಓಸ್ ಎಂಬ ಬಲಪಂಥದ ಸಣ್ಣ ಪಕ್ಷ. ವಿಶ್ವಾಸಮತದಲ್ಲಿ 300ಕ್ಕೆ 255 ಮತ ಬಿತ್ತು. ನೋಡಿದವರಿಗೆ ಬಂಡೆಯಂಥ ಸರ್ಕಾರ.

ಆದರೆ ಮದುವೆ ಮಾತುಕತೆಯಲ್ಲೇ ಬೇರೆಯಾಗುವ ದಿನವನ್ನೂ ಗೊತ್ತು ಮಾಡಿದ್ದರು. 2012ರ ಫೆಬ್ರವರಿ 19ಕ್ಕೆ ಚುನಾವಣೆ ಅಂತ ಮಾತಾಗಿತ್ತು. ಈ ದಿನಾಂಕ ಬೇಕಾಗಿದ್ದದ್ದು ನ್ಯೂ ಡೆಮಾಕ್ರಸಿಯ ಆಂಟೋನಿಸ್ ಸಮರಾಸ್‌ಗೆ. ಸಮೀಕ್ಷೆಗಳಲ್ಲಿ ಅವರೇ ಮುಂದಿದ್ದರು. 2010ರ ಮೊದಲ ಸಾಲದ ಒಪ್ಪಂದವನ್ನು ವಿರೋಧಿಸಿ ಅವರು ಹೆಸರು ಗಳಿಸಿದ್ದರು. ಅದನ್ನು ಕಳೆದುಕೊಳ್ಳುವ ಮೊದಲೇ ಮತದಾನ ಮುಗಿಯಬೇಕಿತ್ತು. ಪಾಸೊಕ್‌ಗೆ ಇದರ ಉಲ್ಟಾ. ಎರಡು ವರ್ಷ ಬೈಗುಳ ತಿಂದ ಪಕ್ಷ ಅದು. ಈಗ ಭಾರ ಹೊರಲು ಇನ್ನಿಬ್ಬರು ಸಿಕ್ಕಿದ್ದರು. ದಿನ ತಳ್ಳಿದಷ್ಟೂ ಒಳ್ಳೆಯದು.

ಹಾಗಾಗಿ ಸಮರಾಸ್ ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಹೊರಗೇ ಇಟ್ಟರು. ರಕ್ಷಣೆ, ವಿದೇಶಾಂಗ ಖಾತೆ ಅವರ ಪಕ್ಷಕ್ಕೆ ಬಂದವು. ಸಂಬಳ ಕತ್ತರಿಸುವ ಖಾತೆಗಳ ಹತ್ತಿರ ಅವರು ಹೋಗಲಿಲ್ಲ. ಹಣಕಾಸು ಪಾಸೊಕ್‌ನ ಇವಾಂಜೆಲೋಸ್ ವೆನಿಜೆಲೋಸ್ ಕೈಯಲ್ಲೇ ಉಳಿಯಿತು. ಒಪ್ಪಂದಕ್ಕೆ ಬದ್ಧ ಅಂತ ಬರೆದುಕೊಡಿ ಎಂದು ಯುರೋಪ್ ಕೇಳಿದಾಗ ಸಮರಾಸ್ ನನ್ನ ಮಾತೇ ಸಾಕು ಅಂತ ಹಟ ಹಿಡಿದರು. ಕೊನೆಗೆ ಪತ್ರ ಬರೆದರು. ಈ ಎಳೆದಾಟದಲ್ಲಿ ವಾರಗಳು ಕಳೆದವು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ನಮ್ಮ ಮನೆ ಯಜಮಾನಿ, ವಯಸ್ಸಾದ ಹೆಂಗಸು, ಆ ಚಳಿಗಾಲ ಹೀಟರ್ ಎಣ್ಣೆ ದುಬಾರಿ ಅಂತ ಒಂದೇ ಕೋಣೆಯಲ್ಲಿ ಬದುಕುತ್ತಿದ್ದರು. ಪಿಂಚಣಿ ಎಷ್ಟು ಬರುತ್ತದೆ ಅನ್ನುವುದು ಅವರಿಗೆ ಪ್ರತಿ ತಿಂಗಳೂ ಹೊಸ ಪ್ರಶ್ನೆ.

ಸಾಲದ ಮಾತುಕತೆ ಮುಗಿಯದೆ ಫೆಬ್ರವರಿಯ ಚುನಾವಣೆ ಮುಂದಕ್ಕೆ ಹೋಯಿತು. 130 ಬಿಲಿಯನ್ ಯೂರೊಗಳ ಎರಡನೇ ಸಾಲ ಬರಬೇಕಾದರೆ ಕನಿಷ್ಠ ಕೂಲಿಯನ್ನು ಶೇ. 22ರಷ್ಟು ಇಳಿಸಬೇಕಿತ್ತು. ಇದರ ಮಸೂದೆಗೆ ಸಂಸತ್ತಿನಲ್ಲಿ ಮತ ಹಾಕಲು ಎರಡು ದಿನ ಇರುವಾಗ ಲಾಓಸ್ ಸರ್ಕಾರದಿಂದ ಹೊರಗೆ ಹೋಯಿತು. ಫೆಬ್ರವರಿ 12ರ ರಾತ್ರಿ ಅಥೆನ್ಸ್‌ನ ನಡುಭಾಗ ಹೊತ್ತಿ ಉರಿಯಿತು. ಅಟಿಕಾನ್ ಎಂಬ ಹಳೇ ಚಿತ್ರಮಂದಿರವೂ ಸುಟ್ಟಿತು. ಮಾರನೇ ದಿನ ಸಿಂಟಗ್ಮಾ ಚೌಕದ ಕಡೆ ಹೋದರೆ ಕಣ್ಣು ಉರಿಯುತ್ತಿತ್ತು. ಸಂಸತ್ತಿನಲ್ಲಿ ಮಸೂದೆ 199–74ರಿಂದ ಗೆದ್ದಿತು. ಆದರೆ 255 ಎಲ್ಲಿ, 199 ಎಲ್ಲಿ! ಮಾತು ಕೇಳದ 40ಕ್ಕೂ ಹೆಚ್ಚು ಸದಸ್ಯರನ್ನು ಎರಡು ದೊಡ್ಡ ಪಕ್ಷಗಳು ಆ ರಾತ್ರಿಯೇ ಹೊರಹಾಕಿದವು.

ಹೊರಹಾಕಿದವರು ಸುಮ್ನೆ ಮನೆಗೆ ಹೋಗಲಿಲ್ಲ, ಇದನ್ನು ಗಮನಿಸಿ. ವಿಶ್ವಾಸಮತಕ್ಕೆ ವಿರುದ್ಧ ಮತ ಹಾಕಿ ನವೆಂಬರ್‌ನಲ್ಲೇ ನ್ಯೂ ಡೆಮಾಕ್ರಸಿಯಿಂದ ಹೊರಬಿದ್ದಿದ್ದ ಪಾನೋಸ್ ಕಮೆನೋಸ್ ಈ ಫೆಬ್ರವರಿಯಲ್ಲಿ ಹೊಸ ಪಕ್ಷ ಕಟ್ಟಿದರು, ಈಗ ಹೊರಬಿದ್ದ ಕೆಲವರು ಅದಕ್ಕೆ ಸೇರಿದರು. ಇನ್ನೊಂದು ಕಡೆ, ಲಾಓಸ್‌ನ ಇಬ್ಬರು ತಮ್ಮ ಪಕ್ಷದ ಮಾತು ಮೀರಿ ಮಸೂದೆಗೆ ಮತ ಹಾಕಿ, ಕೆಲವೇ ದಿನದಲ್ಲಿ ನ್ಯೂ ಡೆಮಾಕ್ರಸಿ ಸೇರಿದರು. ಮಾರ್ಚ್‌ನಲ್ಲಿ ವೆನಿಜೆಲೋಸ್ ಎದುರಾಳಿಯೇ ಇಲ್ಲದೆ ಪಾಸೊಕ್ ಅಧ್ಯಕ್ಷರಾಗಿ, ಹಣಕಾಸು ಖಾತೆ ಬಿಟ್ಟು ಪ್ರಚಾರಕ್ಕೆ ಇಳಿದರು. ಗ್ರೀಸ್‌ಗೆ ಸಾಲ ಕೊಟ್ಟಿದ್ದ ಖಾಸಗಿಯವರಿಂದ 100 ಬಿಲಿಯನ್ ಯೂರೊಗೂ ಜಾಸ್ತಿ ಸಾಲ ಮನ್ನಾ ಮಾಡಿಸಿದ ತಿಂಗಳು ಅದು. ಪಪಡೆಮೋಸ್ ಬಂದ ಕೆಲಸ ಆಗಿತ್ತು. ಆದರೆ ಅದನ್ನು ಜನರ ಮುಂದೆ ನಮ್ಮ ಕೆಲಸ ಅಂತ ಹೇಳಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ.

ಇನ್ನು ಲಾಭದ ವಿಷಯ. ಮೇ 6ರ ಚುನಾವಣೆಯಲ್ಲಿ ಪಾಸೊಕ್ ಶೇ. 44ರಿಂದ ಶೇ. 13ಕ್ಕೆ ಬಿತ್ತು. ನ್ಯೂ ಡೆಮಾಕ್ರಸಿ ಮೊದಲ ಸ್ಥಾನ ಪಡೆದರೂ ಸಿಕ್ಕಿದ್ದು ಶೇ. 19ರಷ್ಟು ಮಾತ್ರ. ಎರಡೂ ಸೇರಿದರೆ 149 ಸ್ಥಾನ, ಬಹುಮತಕ್ಕೆ ಎರಡು ಕಡಿಮೆ. ಮೊದಲು ಓಡಿಹೋದ ಲಾಓಸ್ ಶೇ. 3 ದಾಟದೆ ಸಂಸತ್ತಿನಿಂದಲೇ ಹೊರಬಿತ್ತು. ಒಳಗೆ ಬಂದದ್ದು ಗೋಲ್ಡನ್ ಡಾನ್, ನಾಜಿಗಳನ್ನು ಮೆಚ್ಚುವ ಗುಂಪು, 21 ಸ್ಥಾನಗಳೊಂದಿಗೆ. ಮೊದಲಿನಿಂದಲೂ ಹೊರಗೇ ನಿಂತಿದ್ದ ಎಡಪಂಥದ ಸಿರಿಜಾ ಎರಡನೇ ಸ್ಥಾನಕ್ಕೆ ಏರಿತು. ಲಾಭ ಅಂತ ಆದದ್ದು ಹೀಗೆ ಹೊರಗಿದ್ದವರಿಗೆ.

ಸರ್ಕಾರ ರಚನೆಯಾಗದೆ ಜೂನ್ 17ಕ್ಕೆ ಮತ್ತೆ ಚುನಾವಣೆ ಆಯಿತು. ಸಮರಾಸ್ ಗೆದ್ದು ಪ್ರಧಾನಿಯಾದರು, ಅದೂ ಪಾಸೊಕ್ ಬೆಂಬಲದಿಂದಲೇ. ಒಪ್ಪಂದ ಬದಲಾಯಿಸುತ್ತೇನೆ ಅಂದಿದ್ದವರ ತಲೆಗೇ ಅದನ್ನು ಜಾರಿ ಮಾಡುವ ಕೆಲಸ ಬಂತು. ಆ ನವೆಂಬರ್‌ನಲ್ಲಿ ಇನ್ನೊಂದು ಕಡಿತದ ಕಾನೂನು ಪಾಸಾಯಿತು. ಕ್ರಿಸ್‌ಮಸ್, ಈಸ್ಟರ್‌ಗೆ ಪಿಂಚಣಿ ಜೊತೆ ಸಿಗುತ್ತಿದ್ದ ಹಬ್ಬದ ಹಣ ನಮ್ಮ ಮನೆ ಯಜಮಾನಿಗೆ ನಿಂತುಹೋಯಿತು.