ಮೂರ್ ಸ್ಟ್ರೀಟ್: ಕನ್ನ ಕೊರೆದ ಗೋಡೆಗಳನ್ನು ಉಳಿಸುವ ಬಗೆ

ಓದುಗರ ಪ್ರಶ್ನೆ, ಪರಂಪರೆ ತಜ್ಞರ ಉತ್ತರ

ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರ್ಲೆಂಡಿನಲ್ಲಿ ನಡೆದ 1916ರ ಈಸ್ಟರ್ ದಂಗೆ ಮುಗಿದದ್ದು ಡಬ್ಲಿನ್ ನಗರದ ಮೂರ್ ಸ್ಟ್ರೀಟ್‌ನಲ್ಲಿ. ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವ ಯೋಜನೆಗಳ ನಡುವೆ ಆ ಬೀದಿಯನ್ನು ಉಳಿಸಿಕೊಳ್ಳುವ ಬಗ್ಗೆ ಅಲ್ಲೇ ನೆಲೆಸಿರುವ ಕನ್ನಡಿಗರಿಂದಲೂ ವಾಸ್ತುಶಿಲ್ಪ ಓದುತ್ತಿರುವವರಿಂದಲೂ ಪ್ರಶ್ನೆಗಳು ಬಂದಿವೆ. ಒಂದೇ ವಿಷಯದವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ದಂಗೆಯ ಕೇಂದ್ರ ಜನರಲ್ ಪೋಸ್ಟ್ ಆಫೀಸ್ ಆಗಿತ್ತು. ಅದು ಈಗಲೂ ನಿಂತಿದೆ, ಒಳಗೆ ಪ್ರದರ್ಶನಾಲಯವೂ ಇದೆ. ಅದರ ಹಿಂದಿನ ಸಂತೆಬೀದಿಯ ಹಳೆ ಅಂಗಡಿಗಳಿಗಾಗಿ ಇಷ್ಟೊಂದು ಹೋರಾಟ ಏಕೆ?

ಪೋಸ್ಟ್ ಆಫೀಸಿನಲ್ಲಿ 1916ರಿಂದ ಉಳಿದಿರುವುದು ಹೊರಗಿನ ಕಲ್ಲುಗೋಡೆ ಮತ್ತು ಕಂಬಸಾಲು. ಒಳಭಾಗ ಆ ವಾರವೇ ಸುಟ್ಟುಹೋಯಿತು. ಈಗ ಕಾಣುವ ಒಳಾಂಗಣ ಮತ್ತೆ ಕಟ್ಟಿ 1929ರಲ್ಲಿ ತೆರೆದದ್ದು. ಬಂಡಾಯಗಾರರು ಕೈಯಿಟ್ಟು ಒಡೆದ ಗೋಡೆ, ಅವರು ಮಲಗಿದ ಕೋಣೆ, ಹತ್ತಿಳಿದ ಮೆಟ್ಟಿಲು ಬೇಕೆಂದರೆ ಮೂರ್ ಸ್ಟ್ರೀಟ್‌ಗೇ ಬರಬೇಕು.

ಏಪ್ರಿಲ್ 24ರ ಸೋಮವಾರ ದಂಗೆ ಶುರುವಾಯಿತು. 28ರ ಶುಕ್ರವಾರ ಸಂಜೆ ಪೋಸ್ಟ್ ಆಫೀಸಿಗೆ ಬೆಂಕಿ ಆವರಿಸಿದಾಗ ಸುಮಾರು 300 ಜನ ಹೆನ್ರಿ ಪ್ಲೇಸ್ ಓಣಿಯಿಂದ ಓಡಿಬಂದು ಮೂರ್ ಸ್ಟ್ರೀಟಿನ ಮೂಲೆಯಲ್ಲಿದ್ದ 10ನೇ ನಂಬರಿನ ಮನೆ ಹೊಕ್ಕರು. ಬೀದಿಯ ಉತ್ತರದ ತುದಿಯಲ್ಲಿ ಬ್ರಿಟಿಷ್ ಸೇನೆಯ ಅಡ್ಡಗಟ್ಟೆಯಿತ್ತು. ಹೊರಗೆ ಕಾಲಿಟ್ಟವರ ಗತಿ ಏನೆಂಬುದು ಆಗಲೇ ಗೊತ್ತಾಗಿತ್ತು. ಸ್ವಲ್ಪ ಮೊದಲು ಅದೇ ಬೀದಿಯಲ್ಲಿ ಒಂದು ತಂಡವನ್ನು ಮುನ್ನಡೆಸಿದ ಮೈಕೆಲ್ ಓ'ರಾಹಿಲಿ ಗುಂಡೇಟು ತಿಂದು, ಈಗ ಅವರ ಹೆಸರನ್ನೇ ಹೊತ್ತಿರುವ ಪಕ್ಕದ ಓಣಿಯಲ್ಲಿ ಪ್ರಾಣ ಬಿಟ್ಟರು. ಹಾಗಾಗಿ ಉಳಿದವರು ಬೀದಿಗೆ ಇಳಿಯದೆ ರಾತ್ರಿಯಿಡೀ ಮನೆಯಿಂದ ಮನೆಗೆ ನಡುಗೋಡೆಗಳಿಗೆ ಕನ್ನ ಕೊರೆಯುತ್ತ ಸಾಗಿದರು. ಕಾಲಿಗೆ ಗಾಯವಾಗಿದ್ದ ದಂಗೆಯ ನಾಯಕರಲ್ಲೊಬ್ಬರಾದ ಜೇಮ್ಸ್ ಕನಾಲಿಯವರನ್ನು ಆ ಕಿಂಡಿಗಳ ಮೂಲಕವೇ ಹೊತ್ತು ಸಾಗಿಸಬೇಕಾಯಿತು. 29ರಂದು 16ನೇ ನಂಬರಿನ ಮನೆಯಲ್ಲಿ ಕೊನೆಯ ಸಮಾಲೋಚನೆ ನಡೆಯಿತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 7 ಜನರಲ್ಲಿ ಪಿಯರ್ಸ್, ಕನಾಲಿ, ಕ್ಲಾರ್ಕ್, ಮ್ಯಾಕ್‌ಡರ್ಮಟ್, ಪ್ಲಂಕೆಟ್ ಈ 5 ಮಂದಿ ಈ ಸಾಲಿನಲ್ಲಿದ್ದರು. ನರ್ಸ್ ಎಲಿಜಬೆತ್ ಓ'ಫ್ಯಾರೆಲ್ ಬಿಳಿ ಬಾವುಟ ಹಿಡಿದು ಒಬ್ಬರೇ ಬೀದಿಗೆ ಇಳಿದರು. ಅಂದೇ ಪಿಯರ್ಸ್ ಶರಣಾದರು. ಮೇ 12ರ ಹೊತ್ತಿಗೆ ಆ ಐವರಿಗೂ ಮರಣದಂಡನೆ ಆಗಿಹೋಗಿತ್ತು.

ಅಂದರೆ ಇಲ್ಲಿ ಬೆಲೆ ಇರುವುದು ಬೀದಿಯ ಕಡೆಗಿರುವ ಮುಖಕ್ಕಿಂತ ಹೆಚ್ಚಾಗಿ ಮನೆಮನೆಗಳ ನಡುವಿನ ಗೋಡೆಗೆ. ಮುಂದಿನ ಉತ್ತರಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಪ್ರಶ್ನೆ: ಗೋಡೆಯಲ್ಲಿ ಮುಚ್ಚಿದ ಕಿಂಡಿಯೊಂದು ಕಂಡರೆ ಅದು 1916ರದೇ ಎಂದು ಹೇಗೆ ಗುರುತಿಸುವುದು?

ಒಂದೇ ಗುರುತನ್ನು ನಂಬಿ ತೀರ್ಮಾನಿಸಬಾರದು, ನಾಲ್ಕೈದು ಒಟ್ಟಿಗೆ ಸೇರಬೇಕು. ಅವಸರದಲ್ಲಿ ಒಡೆದ ಕಿಂಡಿಗೆ ಮೇಲೆ ತೊಲೆ ಇರುವುದಿಲ್ಲ, ಅಂಚು ನೇರವಿರುವುದಿಲ್ಲ, ಇಟ್ಟಿಗೆಗಳು ಅರ್ಧಕ್ಕೆ ಮುರಿದಿರುತ್ತವೆ. ಬಗ್ಗಿ ನುಸುಳುವಷ್ಟೇ ಎತ್ತರ. ಆಮೇಲೆ ವ್ಯಾಪಾರಕ್ಕಾಗಿ ಎರಡು ಅಂಗಡಿ ಸೇರಿಸಲು ಮಾಡಿದ ಬಾಗಿಲಿಗೆ ಮೇಲ್ತೊಲೆ, ನೇರ ಅಂಚು ಎರಡೂ ಇರುತ್ತವೆ. ಅದಕ್ಕಿಂತ ದೊಡ್ಡ ಸಾಕ್ಷಿ ಸಾಲು: ಒಂದು ಮನೆಯ ಕಿಂಡಿಗೆ ಪಕ್ಕದ ಮನೆಯಲ್ಲೂ ಮುಂದಿನದರಲ್ಲೂ ಹೊಂದುವ ಕಿಂಡಿ ಇದ್ದರೆ ಅದು ಒಂದು ದಾರಿ. ಒಂಟಿ ಕಿಂಡಿ ಏನನ್ನೂ ಸಾಬೀತು ಮಾಡುವುದಿಲ್ಲ.

ತುಂಬ ಜನ ಎಡವುವ ಜಾಗ ಒಂದಿದೆ. ಕಿಂಡಿ ಮುಚ್ಚಿದ ತೇಪೆಯಲ್ಲಿ ಸಿಮೆಂಟ್ ಕಂಡ ತಕ್ಷಣ ‘ಇದು ಈಚಿನದು’ ಎಂದು ತಳ್ಳಿಹಾಕುತ್ತಾರೆ. 1916ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಕೆಯಲ್ಲಿತ್ತು. ದಂಗೆ ಮುಗಿದ ಮೇಲೆ ಅಂಗಡಿಯವರು ಅದರಲ್ಲೇ ಮುಚ್ಚಿಸಿರಬಹುದು. ಜೊತೆಗೆ, ತೇಪೆ ಹಾಕಿದ ಕಾಲ ಬೇರೆ, ಒಡೆದ ಕಾಲ ಬೇರೆ. ಒಡೆದ ಕಾಲ ತಿಳಿಯಬೇಕಾದರೆ ಅಂಚಿನಲ್ಲಿ ಗಾರೆಯ, ಬಣ್ಣದ, ಗೋಡೆಕಾಗದದ ಪದರಗಳನ್ನು ಎಣಿಸಬೇಕು. ಯಾವ ಪದರ ಕಿಂಡಿಯ ಅಂಚಿಗೆ ತುಂಡಾಗಿ ನಿಂತಿದೆ, ಯಾವುದು ತೇಪೆಯ ಮೇಲೂ ಹಾದುಹೋಗಿದೆ ಎಂಬುದೇ ಉತ್ತರ.

ಹುಡುಕುವಾಗ ಗಾರೆಯನ್ನೆಲ್ಲ ಕಿತ್ತುಹಾಕಬೇಡಿ, ಪದರಗಳ ಸಾಕ್ಷ್ಯ ಅದರ ಜೊತೆಗೇ ಹೋಗುತ್ತದೆ. ಮೊದಲು ಕೋಣೆ ಕತ್ತಲು ಮಾಡಿ ಗೋಡೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ, ತೇಪೆಯ ಉಬ್ಬುತಗ್ಗು ಕಾಣುತ್ತದೆ. ಉಷ್ಣ ಕ್ಯಾಮೆರಾ ಇದ್ದರೆ ಒಳಗೂ ಹೊರಗೂ ತಾಪದ ವ್ಯತ್ಯಾಸ ಚೆನ್ನಾಗಿರುವ ಬೆಳಗಿನ ಹೊತ್ತು ಬಳಸಿ. ಅನುಮಾನವಿದ್ದ ಕಡೆ ಮಾತ್ರ 300 ಮಿ.ಮೀ. ಚದರದಷ್ಟು ಗಾರೆ ಬಿಡಿಸಿ. ಪ್ರತಿ ಗೋಡೆಯನ್ನೂ ಅಳತೆಪಟ್ಟಿ ಇಟ್ಟು ನೇರ ಎದುರಿನಿಂದ, ಒಂದಕ್ಕೊಂದು ಶೇ 60ರಿಂದ 80ರಷ್ಟು ಮೇಲುಹೊದಿಕೆ ಬರುವಂತೆ ಫೋಟೊ ತೆಗೆದು, 1:20 ಅಳತೆಯ ನಕ್ಷೆ ಮಾಡಿ. 14ರಿಂದ 17ರವರೆಗಿನ ಮನೆಗಳು ರಾಷ್ಟ್ರೀಯ ಸ್ಮಾರಕ. ಅಲ್ಲಿ ಇಷ್ಟು ಸಣ್ಣ ಕೆಲಸಕ್ಕೂ ಮಂತ್ರಿಗಳ ಲಿಖಿತ ಅನುಮತಿ ಬೇಕು.

ಪ್ರಶ್ನೆ: 14–17 ಮಾತ್ರ ಸ್ಮಾರಕವಾದರೆ ಉಳಿದ ಸಾಲಿಗೆ ಯಾವ ರಕ್ಷಣೆ? ಮುಂಗೋಡೆ ಉಳಿಸಿಕೊಂಡು ಹಿಂದೆ ಹೊಸದು ಕಟ್ಟಿದರೆ ಸಾಲದೇ?

ಆ 4 ಮನೆಗಳಿಗೆ 2007ರಲ್ಲಿ ರಕ್ಷಣಾ ಆದೇಶ ಬಂತು, 2015ರಲ್ಲಿ ಸರ್ಕಾರ ಅವನ್ನು ಕೊಂಡಿತು. 2016ರ ಮಾರ್ಚ್‌ನಲ್ಲಿ ಹೈಕೋರ್ಟ್ ಸುತ್ತಲಿನ ಹೆಚ್ಚಿನ ಮನೆ, ಓಣಿಗಳನ್ನೂ ಸ್ಮಾರಕವೆಂದು ಸಾರಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಹೀಗಾಗಿ ಉಳಿದ ಮನೆಗಳಿಗೆ ಕಟ್ಟುವ, ಕೆಡವುವ ಕೆಲಸಕ್ಕೆ ಅನುಮತಿ ಕೊಡುವ ಯೋಜನಾ ಕಾನೂನೇ ಗತಿ.

ಆ ಕಾನೂನಿನಲ್ಲಿ ಎರಡು ದಾರಿಗಳಿವೆ, ಅವುಗಳ ವ್ಯತ್ಯಾಸ ಇಲ್ಲಿ ಜೀವನ್ಮರಣದ್ದು. ‘ವಾಸ್ತು ಸಂರಕ್ಷಣಾ ಪ್ರದೇಶ’ ಎಂದು ಗುರುತಿಸಿದರೆ ಮುಖ್ಯವಾಗಿ ಹೊರನೋಟಕ್ಕೆ ರಕ್ಷೆ. ‘ರಕ್ಷಿತ ಕಟ್ಟಡ’ಗಳ ಪಟ್ಟಿಗೆ ಸೇರಿದರೆ ಒಳಭಾಗ, ಮೆಟ್ಟಿಲು, ನಡುಗೋಡೆ, ಹಿತ್ತಲು ಎಲ್ಲಕ್ಕೂ ರಕ್ಷೆ. ನಗರಸಭೆ ಸೇರ್ಪಡೆಯ ಪ್ರಸ್ತಾವ ಹೊರಡಿಸಿ ಕನಿಷ್ಠ 6 ವಾರ ಸಾರ್ವಜನಿಕರ ಮುಂದಿಡಬೇಕು. ಆ ಅವಧಿಯಲ್ಲೂ ಕಟ್ಟಡಕ್ಕೆ ರಕ್ಷಿತ ಕಟ್ಟಡದ ಸ್ಥಾನವೇ ಇರುತ್ತದೆ. ಪಟ್ಟಿಗೆ ಸೇರಿದ ಮೇಲೆ, ಯಾವ ಕೆಲಸಕ್ಕೆ ಅನುಮತಿ ಬೇಡ ಎಂದು ಮಾಲೀಕರು ಲಿಖಿತ ಘೋಷಣೆ ಕೇಳಬಹುದು. ನಗರಸಭೆ 12 ವಾರದೊಳಗೆ ಕೊಡಬೇಕು.

ಮುಂಗೋಡೆ ಮಾತ್ರ ಸಾಕೇ ಎಂದರೆ, ಮೂರ್ ಸ್ಟ್ರೀಟ್‌ನ ಮಟ್ಟಿಗೆ ಖಂಡಿತ ಸಾಲದು. ಕೆಲವು ಮನೆಗಳ ಮುಂಗೋಡೆ 1916ರ ನಂತರ ಬದಲಾಗಿದ್ದು, ಹಳೆಯ ನಡುಗೋಡೆ ಅದರ ಹಿಂದೆ ಉಳಿದಿರಬಹುದು. ಮುಖ ಉಳಿಸಿ ಹಿಂದಿನದನ್ನು ಕೆಡವಿದರೆ ಬೇಕಾದದ್ದು ಕಸದ ಲಾರಿ ಸೇರುತ್ತದೆ. ಇನ್ನೊಂದು ಅಪಾಯವನ್ನು ಎಂಜಿನಿಯರುಗಳು ಮೊದಲೇ ಲೆಕ್ಕ ಹಾಕಬೇಕು. ಸಾಲುಮನೆಯಲ್ಲಿ ಒಂದನ್ನು ಕೆಡವಿದರೆ ಪಕ್ಕದ ನಡುಗೋಡೆ ಏಕಾಏಕಿ ಹೊರಗೋಡೆಯಾಗುತ್ತದೆ. ಅದಕ್ಕೆಂದೂ ಮಳೆ ತಾಗಿರಲಿಲ್ಲ, ಅದರ ಇಟ್ಟಿಗೆ ಮೆದು, ಎರಡೂ ಬದಿಯ ಜಂತೆಗಳ ಆಸರೆಯಲ್ಲಿ ನಿಂತದ್ದು. ಹೊಸ ಆಸರೆ ಕೊಟ್ಟು, ಸುಣ್ಣದ ಗಾರೆ ಬಳಿದ ಮೇಲೆಯೇ ಹಳೆಯ ಆಸರೆ ತೆಗೆಯಬೇಕು. ಪಕ್ಕದಲ್ಲಿ ಕೆಡವುವ ಯಂತ್ರ ಓಡುವಾಗ, ಇಂಥ ಸೂಕ್ಷ್ಮ ಕಟ್ಟಡಗಳಿಗೆ ಜರ್ಮನಿಯ ಡಿಐಎನ್ 4150 ಮಾನದಂಡ 10 ಹರ್ಟ್ಜ್‌ಗಿಂತ ಕೆಳಗಿನ ಕಂಪನಕ್ಕೆ ತಳಪಾಯದಲ್ಲಿ ಸೆಕೆಂಡಿಗೆ 3 ಮಿ.ಮೀ. ವೇಗದ ಮಿತಿ ಸೂಚಿಸುತ್ತದೆ. ಬಿರುಕು ಅಳೆಯುವ ಮಾಪಕಗಳನ್ನು ಕೆಲಸ ಶುರುವಾಗುವ ದಿನ ಹಚ್ಚಿದರೆ ಪ್ರಯೋಜನವಿಲ್ಲ. ಋತುಮಾನಕ್ಕೆ ಗೋಡೆ ತಾನಾಗಿ ಎಷ್ಟು ಅಲುಗುತ್ತದೆಂದು ತಿಳಿಯಲು ಒಂದು ವರ್ಷ ಮೊದಲೇ ಹಚ್ಚಿರಬೇಕು.

ಪ್ರಶ್ನೆ: ಹಳೆಯ ಡಬ್ಲಿನ್ ಇಟ್ಟಿಗೆ ಗೋಡೆಯ ಸಂದುಗಳು ಉದುರುತ್ತಿವೆ. ಸಿಮೆಂಟ್ ತುಂಬಬಾರದು ಅನ್ನುತ್ತಾರೆ. ಸರಿಯಾದ ಕ್ರಮ ಯಾವುದು?

ಮೂರ್ ಸ್ಟ್ರೀಟ್‌ನ 14–17 ಸೇರಿದಂತೆ 1760ರ ದಶಕದ ಮನೆಗಳ ಇಟ್ಟಿಗೆ ಕೈಯಲ್ಲಿ ಮಾಡಿದ್ದು, ಒಳಗೆ ಮೆದು. ಗೋಡೆ ಹೀರಿದ ನೀರು ಸಂದಿನ ಸುಣ್ಣದ ಮೂಲಕ ಆರಿಹೋಗಬೇಕು. ಗಟ್ಟಿ ಸಿಮೆಂಟ್ ಆ ದಾರಿ ಕಟ್ಟಿದಾಗ ನೀರು ಇಟ್ಟಿಗೆಯಿಂದಲೇ ಹೊರಬರುತ್ತದೆ, ಜೊತೆಗೆ ತಂದ ಉಪ್ಪು ಮೇಲ್ಮೈಯ ಹಿಂದೆ ಹರಳುಗಟ್ಟುತ್ತದೆ. ಹಿಮ ಬಿದ್ದ ರಾತ್ರಿ ಒಳಗಿನ ನೀರು ಹಿಗ್ಗಿ ಇಟ್ಟಿಗೆಯ ಮುಖ ಹಪ್ಪಳದಂತೆ ಎದ್ದುಬರುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಜೇನುಹಲ್ಲೆಯ ಹಾಗೆ ನಿಂತು ಇಟ್ಟಿಗೆ ಒಳಕ್ಕೆ ಕರಗಿರುತ್ತದೆ.

ಕ್ರಮ ಹೀಗೆ. ಸಡಿಲವಾದ ಸಂದನ್ನು ಮಾತ್ರ ಬಿಡಿಸಿ. ಗಟ್ಟಿಯಾಗಿ ಕೂತ ಹಳೆಯ ಸುಣ್ಣವನ್ನು ಮುಟ್ಟಬೇಡಿ. ಆಳ ಸಂದಿನ ಅಗಲದ 2 ಪಟ್ಟಾದರೂ ಇರಲಿ, 20 ಮಿ.ಮೀ.ಗೆ ಕಡಿಮೆ ಬೇಡ. ಕೈ ಉಳಿ, ಕೈಗರಗಸ ಸಾಕು. ಆ್ಯಂಗಲ್ ಗ್ರೈಂಡರ್ ಒಂದು ಕ್ಷಣ ಜಾರಿದರೂ ಇಟ್ಟಿಗೆಯ ಅಂಚು ಹೋಗಿ ಸಂದು ಶಾಶ್ವತವಾಗಿ ಅಗಲವಾಗುತ್ತದೆ. ಮೊದಲೇ ಸಿಮೆಂಟ್ ತುಂಬಿದ್ದರೆ ಒಂದು ಮೂಲೆಯಲ್ಲಿ ಪ್ರಯೋಗ ಮಾಡಿ. ಇಟ್ಟಿಗೆ ಕೀಳದೆ ಸಿಮೆಂಟ್ ಬರುವುದಿಲ್ಲ ಎಂದಾದರೆ ಅದು ತಾನಾಗಿ ಸಡಿಲವಾಗುವವರೆಗೆ ಬಿಡುವುದೇ ಮೇಲು.

ಗಾರೆಗೆ 1 ಪಾಲು ಎನ್‌ಎಚ್‌ಎಲ್ 3.5 ದರ್ಜೆಯ, ನೀರು ಸೇರಿ ಗಟ್ಟಿಯಾಗುವ ನೈಸರ್ಗಿಕ ಸುಣ್ಣ, 2.5 ಪಾಲು ತೊಳೆದ ಒರಟು ಮರಳು. ದೊಡ್ಡ ಕಾಳು ಸಂದಿನ ಅಗಲದ ಮೂರನೇ ಒಂದಕ್ಕಿಂತ ದಪ್ಪ ಇರಬಾರದು. ಸಲಿಕೆ ಲೆಕ್ಕ ಬೇಡ, ಡಬ್ಬದಲ್ಲಿ ಅಳೆಯಿರಿ. ಒದ್ದೆ ಮರಳು ಸಲಿಕೆಯ ಮೇಲೆ ಹೆಚ್ಚು ರಾಶಿಯಾಗಿ ನಿಲ್ಲುವುದರಿಂದ ಪಾಲು ತಪ್ಪುತ್ತದೆ. ಒಳಗಿನ ನಡುಗೋಡೆಯ ಮೆದು ಇಟ್ಟಿಗೆಗೆ ಈ ಸುಣ್ಣವೂ ಗಟ್ಟಿಯೆನಿಸಬಹುದು, ಅಲ್ಲಿ ಅರಳಿಸಿ ಮಾಗಿಸಿದ ಬೆಣ್ಣೆಸುಣ್ಣ ಒಳ್ಳೆಯದು. ಸಂದನ್ನು ಚೆನ್ನಾಗಿ ನೆನೆಸಿ, ನೀರು ಹೊಳೆಯದೆ ತೇವ ಮಾತ್ರ ಉಳಿದಾಗ ಗಾರೆಯನ್ನು ಒತ್ತಿ ಒತ್ತಿ ತುಂಬಿ. ಅರೆಗಟ್ಟಿಯಾದಾಗ ಗಟ್ಟಿ ಬ್ರಷ್‌ನಿಂದ ತಟ್ಟಿ. ನಂತರ 7 ದಿನವಾದರೂ ಒದ್ದೆ ಗೋಣಿತಾಟು ಮರೆಕಟ್ಟಿ. ಬೇಗ ಒಣಗಿದ ಸುಣ್ಣ ಬೆರಳಿಗೆ ಪುಡಿಯಾಗಿ ಬರುತ್ತದೆ. ಸಾಮಾನ್ಯವಾಗಿ ಬೈಗುಳ ಸುಣ್ಣಕ್ಕೆ ಬೀಳುತ್ತದೆ, ತಪ್ಪು ಆರೈಕೆಯದು. ತಾಪ 5 ಡಿಗ್ರಿಗಿಂತ ಇಳಿಯುವ ಸೂಚನೆಯಿದ್ದರೆ ಕೆಲಸ ಬೇಡ. ಡಬ್ಲಿನ್‌ನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ಈ ಕೆಲಸದ ಕಾಲ.

ಮುಂಗೋಡೆಯಲ್ಲಿ ಸಂದಿನ ನಡುವೆ ತೆಳ್ಳನೆಯ ಬಿಳಿ ಗೆರೆ, ಎರಡೂ ಬದಿ ಇಟ್ಟಿಗೆಯ ಬಣ್ಣದ ಗಾರೆ ಕಂಡರೆ ಕೈ ತೆಗೆಯಿರಿ. ಅದು ‘ವಿಗ್ಗಿಂಗ್’ ಎಂಬ ಐರಿಷ್ ಕುಸುರಿ. ಮೊದಲು ಬಿಳಿ ಸುಣ್ಣದ ಗೆರೆ ಕೂರಿಸಿ, ಆಮೇಲೆ ಅದರ ಮಟ್ಟಕ್ಕೆ ಬಣ್ಣದ ಗಾರೆ ತುಂಬುತ್ತಾರೆ. ಅದನ್ನು ಬಲ್ಲ ಕುಶಲಕರ್ಮಿಗಳೇ ಮಾಡಬೇಕು.

ಪ್ರಶ್ನೆ: ಹಣ ಕಡಿಮೆಯಿದ್ದರೆ ಯಾವುದರಿಂದ ಶುರು ಮಾಡಬೇಕು?

ಮಾಡಿನಿಂದ. 18ನೇ ಶತಮಾನದ ಡಬ್ಲಿನ್ ಮನೆಗಳಲ್ಲಿ ಎರಡು ಇಳಿಜಾರಿನ ನಡುವೆ ಮಳೆನೀರು ಹರಿಯುವ ಸೀಸದ ತಗಡಿನ ದೋಣಿ ಇರುವುದು ಸಾಮಾನ್ಯ. ಅದು ಕಟ್ಟಿಕೊಂಡರೆ ನೀರು ಮನೆಯ ನಟ್ಟನಡುವೆ ಇಳಿದು ಗೋಡೆಯೊಳಗಿನ ಜಂತೆಯ ತುದಿಗಳನ್ನು ಕೊಳೆಸುತ್ತದೆ. ಉದ್ದನೆಯ ಒಂದೇ ತಗಡು ಹಾಕಿದರೆ ಬಿಸಿಲು–ಚಳಿಗೆ ಹಿಗ್ಗಿ ಕುಗ್ಗಿ ಸೀಳುತ್ತದೆ. ಕೋಡ್ 5 ಸೀಸಕ್ಕೆ (2.24 ಮಿ.ಮೀ.) 2 ಮೀಟರಿಗೊಮ್ಮೆ ತಗಡು ತುಂಡಾಗಿ ಮುಂದಿನದರ ಮೇಲೆ ಇಳಿಯುವ ಮೆಟ್ಟಿಲು ಕೊಡಬೇಕು. ಎಲೆ ಉದುರುವ ಕಾಲದ ಮೊದಲೂ ಆಮೇಲೂ ದೋಣಿ ಗುಡಿಸಿದರೆ ಅರ್ಧ ರಿಪೇರಿ ಉಳಿಯುತ್ತದೆ.

ಪ್ರಶ್ನೆ: ನಾನು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದೇನೆ, ಐರಿಷ್ ಪೌರತ್ವ ಇಲ್ಲ. ಕಟ್ಟಡ ಯೋಜನೆಗೆ ಆಕ್ಷೇಪ ಸಲ್ಲಿಸಬಹುದೇ?

ಸಲ್ಲಿಸಬಹುದು, ಪೌರತ್ವ ಯಾರೂ ಕೇಳುವುದಿಲ್ಲ. ನಗರಸಭೆಗೆ ಕಟ್ಟುವವರ ಅರ್ಜಿ ತಲುಪಿದ ದಿನದಿಂದ 5 ವಾರದೊಳಗೆ, 20 ಯೂರೊ ಶುಲ್ಕದೊಂದಿಗೆ, ಹೆಸರು, ವಿಳಾಸ, ಅರ್ಜಿಯ ಸಂಖ್ಯೆ ಬರೆದು ಕೊಡಿ. ನಗರಸಭೆ ಕೊಡುವ ಸ್ವೀಕೃತಿ ಪತ್ರ ಜೋಪಾನ. ಮುಂದೆ ಮೇಲ್ಮನವಿಗೆ ಅದನ್ನೇ ಲಗತ್ತಿಸಬೇಕು, ಇಲ್ಲದಿದ್ದರೆ ಮೇಲ್ಮನವಿ ಅಸಿಂಧು. ತೀರ್ಮಾನವಾದ 4 ವಾರದೊಳಗೆ ಮೇಲ್ಮನವಿ ಹೋಗಬೇಕು. ಅದನ್ನು ನೋಡುತ್ತಿದ್ದ ‘ಆನ್ ಬೋರ್ಡ್ ಪ್ಲನಾಲ’ ಎಂಬ ಮಂಡಳಿ 2025ರ ಜೂನ್‌ನಿಂದ ಆನ್ ಕಮಿಶೂನ್ ಪ್ಲನಾಲ ಆಗಿದೆ. ಒಂದು ದಿನ ತಡವಾದರೂ ತೆಗೆದುಕೊಳ್ಳುವುದಿಲ್ಲ. ಡಿಸೆಂಬರ್ 24ರಿಂದ ಜನವರಿ 1ರವರೆಗಿನ ದಿನಗಳು ಮಾತ್ರ ಲೆಕ್ಕಕ್ಕಿಲ್ಲ. 2024ರ ಹೊಸ ಯೋಜನಾ ಕಾಯ್ದೆ ಹಂತಹಂತವಾಗಿ ಜಾರಿಗೆ ಬರುತ್ತಿದೆ, ಆದ್ದರಿಂದ ಸಲ್ಲಿಸುವ ವಾರ ಶುಲ್ಕ ಮತ್ತು ಗಡುವನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ.

‘ಇದು ಪವಿತ್ರ ಸ್ಥಳ’ ಎಂದಷ್ಟೇ ಬರೆದರೆ ಅಧಿಕಾರಿಗೆ ಹಿಡಿಯಲು ಏನೂ ಸಿಗದು. ಅರ್ಜಿಯ ನಕ್ಷೆಯ ಸಂಖ್ಯೆ ಹೇಳಿ, ಯಾವ ಮನೆಯ ಯಾವ ನಡುಗೋಡೆ ಹೋಗುತ್ತದೆ, ಅದರ ವಯಸ್ಸನ್ನು ಅರ್ಜಿದಾರರ ವರದಿ ಏನೆಂದು ಹೇಳಿದೆ, ಗಾರೆ ಬಿಡಿಸಿ ನೋಡಿ ಹೇಳಿದ್ದೋ ಹೊರಗಿನಿಂದ ನೋಡಿ ಹೇಳಿದ್ದೋ ಎಂದು ಕೇಳಿ. ಬಿಡಿಸಿ ನೋಡದಿದ್ದರೆ ತೀರ್ಮಾನಕ್ಕೆ ಮೊದಲು ಆ ಪರೀಕ್ಷೆ ಆಗಲಿ ಎಂದು ಒತ್ತಾಯಿಸಿ.

ಪ್ರಶ್ನೆ: ಕಾಮಗಾರಿ ಮುಗಿಯುವವರೆಗೆ ಹಣ್ಣು, ಮೀನು ಮಾರುವವರನ್ನು ಬೇರೆಡೆಗೆ ಕಳಿಸಿ ಆಮೇಲೆ ಕರೆತಂದರೆ ತೊಂದರೆಯೇನು?

ಅವರು ಮರಳಿ ಬರುವುದಿಲ್ಲ, ಅದೇ ತೊಂದರೆ. ಸಂತೆ ವ್ಯಾಪಾರ ನಿಂತಿರುವುದು ದಿನಾ ಹಾದುಹೋಗುವ ಗಿರಾಕಿಯ ಮೇಲೆ. ಎರಡು ವರ್ಷ ಬೇರೆ ದಾರಿ ರೂಢಿಯಾದ ಗಿರಾಕಿ ಹಳೆಯದಕ್ಕೆ ತಿರುಗುವುದಿಲ್ಲ. ಬೀದಿಯ ಪಶ್ಚಿಮಕ್ಕೆ 1981ರಲ್ಲಿ ತೆರೆದ ಐಲ್ಯಾಕ್ ಸೆಂಟರ್‌ಗಾಗಿ ಅಲ್ಲಿನ ಹಳೆಯ ಓಣಿಗಳೇ ಅಳಿಸಿಹೋದವು. ಉಳಿದಿರುವ ಅಂಗಡಿಸಾಲು ಇನ್ನೊಂದು ಅಂಥ ಪೆಟ್ಟು ತಾಳಲಾರದು. ಹಾಗಾಗಿ ಕೆಲಸವನ್ನು ಹಂತಗಳಾಗಿ ಒಡೆದು, ಬೀದಿಯ ಒಂದು ತುಂಡು ಮಾತ್ರ ಒಮ್ಮೆಗೆ ಮುಚ್ಚಬೇಕು. ಲಾರಿಗಳು ಹಿಂದಿನ ಓಣಿಯಿಂದ, ಸಂತೆ ತೆರೆಯುವ ಮೊದಲೇ ಬಂದುಹೋಗಬೇಕು. ಕೆಡವುವ ಕಡೆ ನೀರು ಸಿಂಪಡಿಸಿ ಧೂಳು ಹಿಡಿಯಬೇಕು, ಹಣ್ಣಿನ ಮೇಲೆ ಒಮ್ಮೆ ಗಾರೆಯ ಪುಡಿ ಕೂತರೆ ಆ ದಿನದ ವ್ಯಾಪಾರ ಮುಗಿಯಿತು. ಬಂಡಿ ಇಡಲು ರಾತ್ರಿಯ ಜಾಗ, ಮೀನಿನವರಿಗೆ ನೀರಿನ ನಲ್ಲಿ ಮತ್ತು ಚರಂಡಿ, ಪ್ರತಿ ಅಂಗಡಿಗೆ ವಿದ್ಯುತ್ ಸಂಪರ್ಕ, ಇವನ್ನು ಅನುಮತಿಯ ಷರತ್ತಿನಲ್ಲೇ ಬರೆಸಬೇಕು. ಬಾಯಿಮಾತಿನ ಭರವಸೆ ಗುತ್ತಿಗೆದಾರ ಬದಲಾದ ದಿನ ಮರೆತುಹೋಗುತ್ತದೆ.